ಐದನೆಯ ಮಾತು

ಲೋಟದ ನೀರು ಸಣ್ಣಗೆ ನಡುಗಿತು, ಹೊರಗೆ ಲಾರಿ ಹೋಗಿರಬೇಕು, ಲಾರಿ ಹೋದಾಗಲೆಲ್ಲ ಈ ಚರ್ಚಿನ ಕಿಟಕಿ ಗಾಜುಗಳು ಗಡಗಡ ಅನ್ನುತ್ತವೆ, ಮಾವಿನ ಲಾರಿಯಂತೂ ಅಲ್ಲ, ಶ್ರೀನಿವಾಸಪುರಕ್ಕೆ ಮಾವಿನ ಲಾರಿಗಳು ಬರುವುದಕ್ಕೆ ಇನ್ನೂ ಕಾಲವಿದೆ, ಮರದಲ್ಲಿ ಕಾಯಿ ಈಗಿನ್ನೂ ಕೋಳಿಮೊಟ್ಟೆಯಷ್ಟು, ಇದು ಜಲ್ಲಿ ಲಾರಿಯೇ — ನೀರಿನ ಮೇಲೆ ಒಂದು ಉಂಗುರ ಎದ್ದು, ಗಾಜಿನ ಅಂಚನ್ನು ಮುಟ್ಟಿ, ಇಲ್ಲವಾಯಿತು. ಮೊದಲನೆಯ ಬೆಂಚಿನ ತುದಿಯಲ್ಲಿ ಕೂತ ಸುವಾರ್ತಮ್ಮ ಅದನ್ನೇ ನೋಡುತ್ತಿದ್ದಳು. ಶುಭ ಶುಕ್ರವಾರ, ಹನ್ನೆರಡರಿಂದ ಮೂರರವರೆಗೆ ಆರಾಧನೆ, ಶಿಲುಬೆಯ ಮೇಲಿಂದ ಸ್ವಾಮಿ ಆಡಿದ ಏಳು ಮಾತು, ಒಂದೊಂದು ಮಾತಿಗೆ ಒಬ್ಬೊಬ್ಬರು ಎದ್ದು ಪ್ರಸಂಗ ಮಾಡಬೇಕು, ಮೂರರ ಗಂಟೆ ಹೊಡೆಯುವ ತನಕ ಯಾರೂ ಗುಟುಕು ನೀರು ಮುಟ್ಟುವುದಿಲ್ಲ, ಬಿಸಿಲಿಗೆ ಹೆಂಚು ಕಾದಿದೆ, ಫ್ಯಾನು ಆ ಬಿಸಿಯನ್ನೇ ತಲೆಯ ಮೇಲೆ ತಳ್ಳುತ್ತಿದೆ, ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿದೆ. ಈಗ ನಡೆಯುತ್ತಿರುವುದು ನಾಲ್ಕನೆಯದು, ಯಾಕೆ ನನ್ನನ್ನು ಕೈಬಿಟ್ಟೆ ಅನ್ನುವ ಮಾತು, ಅದು ಕರುಣಾಕರ ಮೇಷ್ಟ್ರ ಪಾಲು, ರಿಟೈರಾದ ಮೇಲೆ ಮೇಷ್ಟ್ರಿಗೆ ಪಾಠ ಕೇಳುವವರು ಸಿಕ್ಕುವುದು ವರ್ಷಕ್ಕೆ ಇದೊಂದೇ ದಿನ, ಮೈಕು ಹಿಡಿದರೆ ಸುಲಭಕ್ಕೆ ಬಿಡುವ ಜನವಲ್ಲ, ಬಿಡದೇ ಇರಲಿ, ಇನ್ನಷ್ಟು ಎಳೆಯಲಿ ಅಂತಲೇ ಅವಳು ಬೇಡಿಕೊಳ್ಳುತ್ತಿದ್ದಾಳೆ, ಯಾಕೆಂದರೆ ಐದನೆಯದು ಅವಳದು. ನನಗೆ ನೀರಡಿಕೆಯಾಗಿದೆ. ಐದನೆಯ ಮಾತು ಈ ಸಭೆಯಲ್ಲಿ ಯಾವತ್ತೂ ಹೆಂಗಸರದ್ದೇ, ಯಾವ ಕಾಲದ ಪಾದ್ರಿ ಅಯ್ಯನವರು ಕಟ್ಟಳೆ ಮಾಡಿದರೋ, ನೀರು ಹೊರುವವರು ನೀವು, ನೀರಿನ ಮಾತೂ ನೀವೇ ಆಡಿ ಅಂತ, ಮೊದಲು ಅತ್ತೆ ಎಸ್ತೇರಮ್ಮ ಆಡುತ್ತಿದ್ದಳು, ಅತ್ತೆ ಕಾಲವಾದ ಮೇಲೆ ಸೊಸೆ. ಅದರ ಜೊತೆಗೆ ಈ ಲೋಟದ ಕಟ್ಟಳೆ, ಬಲಿಪೀಠದ ಕೆಳಗೆ ಸ್ಟೂಲಿನ ಮೇಲೆ ಅಂಚಿನವರೆಗೆ ತುಂಬಿದ ಗಾಜಿನ ಲೋಟ, ಅಂದು ಕೇಳಿದವನಿಗೆ ಸಿಗದೇ ಹೋದ ನೀರು, ಯಾರೂ ಮುಟ್ಟುವ ಹಾಗಿಲ್ಲ, ಕುಡಿಯುವ ಮಾತಂತೂ ಬಾಯಲ್ಲಿ ತರಬಾರದು, ಆರಾಧನೆ ಮುಗಿದ ಮೇಲೆ ಅಂಗಳದ ಬೇವಿನ ಬುಡಕ್ಕೆ ಹೊಯ್ಯಬೇಕು. ಬೆಳಿಗ್ಗೆ ಮನೆಯಿಂದ ಆ ನೀರು ತಂದು ತುಂಬಿಟ್ಟವಳೂ ಅವಳೇ.

ಮನೆಯಿಂದ ಅಂದರೆ ಡ್ರಮ್ಮಿನಿಂದ, ಬಾಗಿಲ ಪಕ್ಕದ ನೀಲಿ ಡ್ರಮ್ಮು, ಅದಕ್ಕೆ ಸರಪಳಿ, ಸರಪಳಿಗೆ ಬೀಗ, ಬೀಗದ ಕೈ ಈಗ ಇಲ್ಲಿ ಸೆರಗಿನ ಗಂಟಿನಲ್ಲಿದೆ, ಆಗಾಗ ಮುಟ್ಟಿ ನೋಡಿಕೊಳ್ಳುತ್ತಾಳೆ, ಇದೆ. ಡ್ರಮ್ಮಿಗೆ ಬೀಗ ಹಾಕುವುದು ಈ ಊರಿಗೆ ಹೊಸದೇನಲ್ಲ, ನಲ್ಲಿ ಕೈಕೊಟ್ಟು ಟ್ಯಾಂಕರಿನ ಹಿಂದೆ ಓಡುತ್ತಿದ್ದ ವರ್ಷಗಳಲ್ಲಿ ಬೀದಿಗೆ ಬೀದಿಯೇ ಡ್ರಮ್ಮುಗಳಿಗೆ ಸರಪಳಿ ಬಿಗಿದುಕೊಂಡು ಮಲಗುತ್ತಿತ್ತು, ಆಗ ಬೀಗ ಪಕ್ಕದ ಮನೆಯವರಿಗೆ, ಈಗ ಕಟ್ಟಿಕೊಂಡ ಗಂಡನಿಗೆ. ದೇವದಾನ. ಇಡೀ ಊರಿಗೆ ನೀರು ಬಿಡುತ್ತಿದ್ದವನು, ಅವರ ತಾತ ಕೆರೆಯ ತೂಬು ಎತ್ತುವ ನೀರಗಂಟಿ, ಇವನು ಪುರಸಭೆಯ ವಾಲ್ವು ತಿರುಗಿಸುವವನು, ಹೆಗಲ ಮೇಲೆ ಉದ್ದನೆಯ ಕಬ್ಬಿಣದ ಕೈ ಇಟ್ಟುಕೊಂಡು ಸೈಕಲ್ಲಿನಲ್ಲಿ ಬಂದರೆ ಬೀದಿಯ ಹೆಂಗಸರೆಲ್ಲ, ದೇವದಾನಣ್ಣಾ, ನಮ್ ಕಡೆ ಇನ್ನೊಂದಿಷ್ಟು ಬಿಡಣ್ಣ, ನಿನ್ ಹೊಟ್ಟೆ ತಣ್ಣಗಿರ್ಲಿ ಅಂತ — ಹೊಟ್ಟೆ ತಣ್ಣಗಿರಲಿಲ್ಲ, ಕಿಡ್ನಿ ಎರಡೂ ಹೋದವು, ವಾರಕ್ಕೆ ಮೂರು ಸಲ ಕೋಲಾರಕ್ಕೆ ಡಯಾಲಿಸಿಸ್, ಉಚ್ಚೆ ನಿಂತುಹೋದ ಮನುಷ್ಯನಿಗೆ ಕುಡಿದ ನೀರು ಹೊರಗೆ ಹೋಗಲು ದಾರಿಯಿಲ್ಲ, ಕಾಲಿಗೆ ಇಳಿಯುತ್ತದೆ, ಮುಖಕ್ಕೆ ಏರುತ್ತದೆ, ಆಮೇಲೆ ಎದೆಗೂಡಿಗೆ. ಅಮ್ಮಾ, ಇವರಿಗೆ ನೀರೇ ವಿಷ ಅಂತ ತಿಳ್ಕೊಳ್ಳಿ ಅಂದಿದ್ದರು ಡಾಕ್ಟರು, ಕೆಮ್ಮಿನ ಔಷಧಿ ಬಾಟಲಿಯ ಮುಚ್ಚಳದಲ್ಲಿ ಅಳೆದು ಕೊಡಿ, ಬಾಯಿ ತೀರಾ ಒಣಗಿದರೆ ಒದ್ದೆ ಬಟ್ಟೆಯಲ್ಲಿ ತುಟಿ ಸವರಿ. ಸಂಕ್ರಾಂತಿಯ ದಿನ ಅವಳು ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಎರಡು ಚೊಂಬು ಕುಡಿದಿದ್ದ, ಅಯ್ಯೋ ದೇವರೇ, ಸಂಜೆಯೊಳಗೆ ಅವನ ಉಸಿರಿನಲ್ಲಿ ಗೊರಗೊರ, ಕುಡಿದ ನೀರು ಎದೆಯಲ್ಲಿ ಕುದಿಯುತ್ತಿರುವ ಹಾಗೆ, ಆಟೋದಲ್ಲಿ ಅವನನ್ನು ಎದೆಗೊರಗಿಸಿಕೊಂಡು ಕೋಲಾರದ ತನಕ, ಉಗುರೆಲ್ಲ ನೀಲಿ, ಸ್ವಾಮೀ ಇವನನ್ನು ಉಳಿಸು ಉಳಿಸು ಅಂತ ಬಾಯಿ ಬಡಿದುಕೊಂಡು. ಉಳಿಸಿದ. ಮಾರನೆಯ ದಿನವೇ ಅಟ್ಟದ ಮೇಲಿದ್ದ ಹಳೆ ಸರಪಳಿ ಕೆಳಗಿಳಿಸಿದಳು. ಮಾಲೂರಿನಿಂದ ಮಗಳು ಚಂದನ ಫೋನಿನಲ್ಲಿ, ಅಮ್ಮಾ, ಅಪ್ಪ ಎಷ್ಟು ಕೇಳಿದ್ರೂ ಕೊಡ್ಬೇಡ, ನೀನು ಗಟ್ಟಿಯಾಗಿರು — ಆಯ್ತು ಕಣೇ, ಇರ್ತೀನಿ ಗಟ್ಟಿಯಾಗಿ, ಫೋನಿಟ್ಟ ಮೇಲೆ ಆ ಕಣ್ಣು ನೋಡಬೇಕಾದವಳು ನಾನು ತಾನೆ, ನೀನೇನು ಬಂದು ನೋಡ್ತೀಯಾ.

ಕಣ್ಣಲ್ಲ, ಟವೆಲ್ಲು. ಅದೇ, ಆ ಟವೆಲ್ಲಿನ ಮೂಲೆ. ತುಟಿ ಸವರಲೆಂದು ಚೌಕಳಿ ಟವೆಲ್ಲಿನ ಒಂದು ಮೂಲೆ ಒದ್ದೆ ಮಾಡಿ ಎದೆಯ ಮೇಲೆ ಹಾಕಿಟ್ಟರೆ, ಆ ಕಡೆ ತಿರುಗಿ ಈ ಕಡೆ ನೋಡುವುದರೊಳಗೆ ಅದು ಅವನ ಬಾಯೊಳಗೆ, ಹಲ್ಲಲ್ಲಿ ಕಚ್ಚಿ ಹೀರುತ್ತಿರುತ್ತಾನೆ, ಕೆನ್ನೆ ಒಳಕ್ಕೆ ಹೋಗಿರುತ್ತದೆ, ಗಂಟಲ ಮಣಿ ಸುಮ್ಮಸುಮ್ಮನೆ ಏರಿ ಇಳಿಯುತ್ತದೆ. ಯಾರಾದರೂ ಬಂದರೆ ಬಾಯಿಂದ ತೆಗೆದು ಹೊದಿಕೆಯೊಳಗೆ ಮುಚ್ಚಿಡುತ್ತಾನೆ, ಕದ್ದದ್ದೇನನ್ನೋ ಮುಚ್ಚಿಟ್ಟ ಹಾಗೆ. ನಾಚಿಕೆ ಅವನಿಗೆ. ಅದನ್ನು ನೋಡಿ ನೋಡಿ ಇವಳಿಗೂ ನಾಚಿಕೆ, ಆಮೇಲೆ ಸಿಟ್ಟು, ಆಮೇಲೆ ಬರೀ ಸುಸ್ತು. — ಮತ್ತು ನನ್ನ ಪ್ರಿಯರೇ, ಅಂತ ಮೇಷ್ಟ್ರು, ತಂದೆಯಾದ ದೇವರು ಆ ಕ್ಷಣದಲ್ಲಿ ಮುಖ ತಿರುಗಿಸಿಕೊಂಡರು, ಯಾಕೆ ತಿರುಗಿಸಿಕೊಂಡರು ಅಂದರೆ — ಯಾಕೆಂದರೆ ನೋಡಲಾಗಲಿಲ್ಲ ಮೇಷ್ಟ್ರೇ, ಇನ್ನೇನು ಕಾರಣ ಬೇಕು.

ಇವತ್ತು ಬೆಳಿಗ್ಗೆ ಬೀಗ ತೆಗೆದು ಚರ್ಚಿಗೆಂದು ಬಾಟಲಿಗೆ ನೀರು ತುಂಬುತ್ತಿದ್ದಾಗ ಅವನು ಮಂಚದ ಮೇಲಿಂದಲೇ ನೋಡುತ್ತಿದ್ದ, ಬಾಟಲಿಯ ಕತ್ತಿನಲ್ಲಿ ನೀರು ಗುಳುಗುಳು ಅನ್ನುವ ಸದ್ದು, ಆ ಸದ್ದನ್ನಾದರೂ ಮರೆಮಾಡಬೇಕಿತ್ತು, ತಲೆಗೇ ಹೋಗಲಿಲ್ಲ. ಯಾರಿಗೇ ಅದು. ಸ್ವಾಮಿಗೆ, ಲೋಟದ್ದು. ಸ್ವಾಮಿ ಕುಡೀತಾರಾ. ಇಲ್ಲ, ಬೇವಿನ ಮರದ ಬುಡಕ್ಕೆ ಹೊಯ್ಯೋದಲ್ವಾ, ನಿಂಗೊತ್ತಿಲ್ವಾ. ಓಹೋ. ಹಂಗಾದ್ರೆ ಆ ಬೇವಿನ ಮರದ ಋಣ ದೊಡ್ಡದು ಬಿಡು ಅಂದ, ತಮಾಷೆಗೆ ಅಂದನೋ, ಮುಖ ಊದಿಕೊಂಡು ನಗುವೂ ಅಳುವೂ ಒಂದೇ ಥರ ಕಾಣುತ್ತದೆ ಈಗ. ಆಮೇಲೆ ತೆಲುಗಿಗೆ ಬಿದ್ದ, ಸೋತಾಗಲೆಲ್ಲ ಅವನು ಎಸ್ತೇರಮ್ಮನ ಹೊಟ್ಟೆಯ ತೆಲುಗಿಗೇ ಬೀಳುತ್ತಾನೆ, ಕೊಂಚೆಂ ನೀಳ್ಳಿಯ್ಯವೇ, ಸ್ವಲ್ಪ ನೀರು ಕೊಡೇ, ಒಂದು ಲೋಟ, ಮುಚ್ಚಳದಲ್ಲಿ ಬೇಡ, ಲೋಟದಲ್ಲಿ ಕೊಡು, ಒಂದ್ಸಲ. ಬೆಳಿಗ್ಗೇದು ಆಯ್ತಲ್ಲ, ಈಗಿಲ್ಲ ಅಂದಳು. ಅಂದು ಬೀಗ ಹಾಕಿದಳು, ಕಟಕ್. ನಾಳೆ ಕೋಲಾರಕ್ಕೆ ನಾನು ಬರಲ್ಲ ಕಣೇ ಅಂದ, ಮೆತ್ತಗೆ, ಜಗಳವಿಲ್ಲ ಏನಿಲ್ಲ, ನಂಗೆ ಸಾಕು, ಇನ್ನು ಆ ಮಿಷನ್ನಿಗೆ ಕೈ ಕೊಡಲ್ಲ, ಕರ್ಕೊಂಡು ಹೋಗ್ಬೇಡ. ಬರದೇ ಇದ್ರೆ ಏನಾಗುತ್ತೆ ಗೊತ್ತಾ. ಗೊತ್ತು. ಬರೀ ಗೊತ್ತು ಅಂದ. ಟವೆಲ್ಲಿನ ಮೂಲೆ ನೆನೆಸಿ ಎದೆಯ ಮೇಲೆ ಹಾಕಿ, ಬಾಟಲಿ ಹಿಡಿದುಕೊಂಡು, ತಿರುಗಿಯೂ ನೋಡದೆ ಬಂದುಬಿಟ್ಟಳು.

ಬಂದುಬಿಟ್ಟೆ, ಹೌದು, ಇದ್ದದ್ದು ಇದ್ದ ಹಾಗೆ ಹೇಳಿದರೆ ಇವತ್ತು ಆರಾಧನೆಗೆ ಅಂತ ಬಂದದ್ದಲ್ಲ, ಮೂರು ಗಂಟೆ ಹೊತ್ತು ಆ ಮಾತು ಕಿವಿಗೆ ಬೀಳದಿದ್ದರೆ ಸಾಕು ಅಂತ ಬಂದದ್ದು. ನಮ್ಮ ವೇದದಲ್ಲಿ, ಬೈಬಲಿನಲ್ಲಿ, ಹಾಗರಳು ಅಂತ ಒಬ್ಬಳಿದ್ದಾಳೆ, ಮನೆಯಿಂದ ಹೊರಗೆ ಹಾಕಿದ ದಾಸಿ, ಕಾಡಿನಲ್ಲಿ ತೊಗಲಿನ ತಿತ್ತಿಯ ನೀರು ಮುಗಿದಾಗ ಮಗುವನ್ನು ಗಿಡದ ಕೆಳಗೆ ಮಲಗಿಸಿ, ಅದು ಸಾಯುವುದನ್ನು ನೋಡಲಾರೆ ಅಂತ ದೂರ ಹೋಗಿ ಕೂತಳಲ್ಲ, ಬಾಣ ಬಿಟ್ಟರೆ ಎಟುಕುವಷ್ಟು ದೂರ, ಚಿಕ್ಕವಳಿದ್ದಾಗ ಸಂಡೇ ಸ್ಕೂಲಿನಲ್ಲಿ ಇದೆಂಥಾ ತಾಯಿ ಅನ್ನಿಸಿತ್ತು, ಈಗ ಅನ್ನಿಸುವುದಿಲ್ಲ, ನನ್ನ ಮನೆಯಿಂದ ಈ ಬೆಂಚಿಗೂ ಅಷ್ಟೇ ದೂರ. ಅವಳಿಗಾದರೂ ಕಣ್ಣು ತೆರೆದು ಬಾವಿ ಕಂಡಿತು. ಇಲ್ಲಿ ಬಾವಿ ಕಂಡರೂ ಬೀಗ ಹಾಕಬೇಕು, ಇದಕ್ಕೆ ವೇದದಲ್ಲಿ ಎಲ್ಲಿ ಹೇಳಿದ್ದಾರೆ, ಹುಡುಕಿದಳು, ಅತ್ತೆಯ ಹಳೇ ವೇದಪುಸ್ತಕದಲ್ಲಿ ಬೆರಳಿಟ್ಟುಕೊಂಡು ಹುಡುಕಿದಳು, ಬಂಡೆ ಸೀಳಿ ನೀರು ಕೊಟ್ಟ ದೇವರಿದ್ದಾನೆ, ಕಹಿನೀರನ್ನು ಸಿಹಿ ಮಾಡಿದ ದೇವರಿದ್ದಾನೆ, ಬಾಯಾರಿದವರೆಲ್ಲ ಬನ್ನಿ ಅಂತ ಕೂಗಿ ಕರೆದವನಿದ್ದಾನೆ, ನೀರು ಕೊಡಬೇಡಿ ಅನ್ನುವ ದೇವರು ಎಲ್ಲೂ ಇಲ್ಲ. — ಮಸೀದಿಯ ಮೈಕಿನಲ್ಲಿ ಜುಮ್ಮಾ ಆಜಾನ್ ಶುರುವಾಯಿತು, ಮೇಷ್ಟ್ರು ದನಿ ಏರಿಸಿದರು, ಆಜಾನೂ ಏರಿತು, ಮೇಷ್ಟ್ರು ಸೋತು ಕನ್ನಡಕ ಒರೆಸಿಕೊಳ್ಳುತ್ತ ನಿಂತರು. ಈಗ ಅಲ್ಲಿ ಸಾಲಾಗಿ ಕೂತು ಕೈಕಾಲು ತೊಳೆಯುತ್ತಿರುತ್ತಾರೆ, ಮೂರು ಮೂರು ಸಲ ಬಾಯಿ ಮುಕ್ಕಳಿಸಿ ಉಗಿಯುತ್ತಾರೆ, ಎಷ್ಟೊಂದು ನೀರು, ಉಗಿದುಬಿಡುತ್ತಾರೆ. ಎದುರುಮನೆಯ ಸುಗ್ರಾ ಅವನನ್ನು ನೋಡಿಕೊಳ್ಳುತ್ತಿದ್ದಾಳೆ, ಬಾಗಿಲು ತೆಗೆದಿಟ್ಟು ಬೀಡಿ ಕಟ್ಟುತ್ತಾ ಅಲ್ಲಿಂದಲೇ ಒಂದು ಕಣ್ಣು, ಬೀಗದ ಕೈ ಅವಳ ಹತ್ತಿರ ಬಿಡಲಿಲ್ಲ, ಸುಗ್ರಾಳ ಕರುಳು ಬೆಣ್ಣೆ, ಅವನು ಇನ್ನೊಂದು ಸಲ ಕೇಳಿದರೆ ಕೊಟ್ಟೇ ಬಿಡುತ್ತಾಳೆ. ಹೋದ ರಂಜಾನಿನಲ್ಲಿ ಹೇಳಿದ್ದಳು, ನಮ್ದು ರೋಜಾ ಇರ್ತದಲ್ಲ ಸುವಾರ್ತಮ್ಮ, ಉಗುಳು ನುಂಗಕ್ಕೂ ಬಿಡಲ್ಲ, ಆದ್ರೆ ಸಂಜೆ ಅಂತ ಒಂದೈತೆ, ಖಜೂರ ಐತೆ, ಶರಬತ್ ಐತೆ, ನಿಮ್ಮ ಯಜಮಾನ್ರ ರೋಜಾಗೆ ಸಂಜೇನೇ ಇಲ್ವಲ್ಲಮ್ಮ. ಆವತ್ತು ಸುವಾರ್ತಮ್ಮ ಒಳಗೆ ಹೋಗಿ ಪಾತ್ರೆ ತೊಳೆದಿದ್ದಳು, ತೊಳೆದದ್ದನ್ನೇ ತೊಳೆದಿದ್ದಳು.

ಪ್ರಸಂಗಕ್ಕೆ ಹೇಳಬೇಕಾದ್ದು ಬಾಯಿಪಾಠವಿದೆ, ಅತ್ತೆ ಹೇಳಿಕೊಟ್ಟದ್ದು, ಪ್ರಿಯರೇ ಇದು ದೇಹದ ದಾಹವಲ್ಲ, ನಮ್ಮ ಸ್ವಾಮಿಗೆ ಇದ್ದದ್ದು ಆತ್ಮಗಳ ದಾಹ, ನಿಮ್ಮ ಆತ್ಮ, ನನ್ನ ಆತ್ಮ, ಅಂತ ಶುರು ಮಾಡಬೇಕು, ಅಲ್ಲಿಂದ ಸಮಾರ್ಯದ ಹೆಂಗಸಿಗೆ ಹೋಗಬೇಕು, ಮಧ್ಯಾಹ್ನದ ಉರಿಬಿಸಿಲಿನಲ್ಲಿ ಬಾವಿಗೆ ಬಂದವಳು, ನಾಲ್ಕು ಜನರ ಬಾಯಿಗೆ ಹೆದರಿ ಯಾರೂ ಇಲ್ಲದ ಹೊತ್ತಿಗೆ ಬಂದವಳು, ಅಲ್ಲಿ ದಣಿದು ಕೂತಿದ್ದವನು ನೀರು ಕೊಡು ಅಂದ, ನಮ್ಮ ಕೈನೀರು ನೀವು ಕುಡೀತೀರಾ ಅಂದಳು ಅವಳು — ಈ ಮಾತು ಬಂದಾಗ ಅತ್ತೆ ಎಸ್ತೇರಮ್ಮ ಒಂದು ಗಳಿಗೆ ನಿಲ್ಲಿಸುತ್ತಿದ್ದಳು, ಇಡೀ ಸಭೆ ತಲೆ ತಗ್ಗಿಸುತ್ತಿತ್ತು, ಬಾವಿಯಿಂದ ದೂರ ನಿಂತು ಮೇಲಿಂದ ಯಾರಾದರೂ ಹೊಯ್ಯಲಿ ಅಂತ ಕೊಡ ಹಿಡಿದವರ ಮಕ್ಕಳು ಮೊಮ್ಮಕ್ಕಳೇ ಅಲ್ಲವೇ ಇಲ್ಲಿ ಕೂತವರೆಲ್ಲ — ಆಮೇಲೆ ಜೀವಜಲದ ಮಾತು, ನಾನು ಕೊಡುವ ನೀರು ಕುಡಿದರೆ ಮತ್ತೆಂದೂ ಬಾಯಾರದು, ಅವಳು ಕೊಡ ಅಲ್ಲೇ ಬಿಟ್ಟು ಊರೊಳಗೆ ಓಡಿದಳು, ಹಲ್ಲೆಲೂಯ, ಆಮೆನ್. ವರ್ಷವರ್ಷವೂ ಹೇಳಿದ್ದಾಳೆ. ಇವತ್ತು ಇಲ್ಲಿ ಈ ಲೋಟ ನೋಡುತ್ತಾ ಕೂತಿರುವಾಗ ಕೊಡದ ಹತ್ತಿರ ಬಂದು ಮನಸ್ಸು ನಿಂತುಬಿಟ್ಟಿತು, ಎತ್ತಿನ ಕಾಲು ಕೆಸರಲ್ಲಿ ಸಿಕ್ಕ ಹಾಗೆ. ಕೊಡ ಬಿಟ್ಟು ಓಡಿದಳು. ಸರಿ. ಆದರೆ ನೀರು ಕೊಟ್ಟಳಾ? ದಾರಿ ನಡೆದು ದಣಿದವನು ಬಾಯಿಬಿಟ್ಟು ಕೇಳಿದನಲ್ಲ, ಮೊದಲು ಕೇಳಿದ್ದೇ ಅವನು, ಕುಡಿಯುವುದಕ್ಕೆ ಕೊಡು ಅಂತ, ಮಾತಿನ ಮೇಲೆ ಮಾತು ಬಂತು, ಮಾತು ದೊಡ್ಡದಾಯಿತು, ಆಕಾಶಕ್ಕೇ ಹೋಯಿತು, ಆ ನೀರೇನಾಯಿತು? ಒಂದು ಸಲವಾದರೂ ಬರೆದಿದ್ದಾರಾ, ಅವಳು ಸೇದಿದಳು, ಅವನು ಬೊಗಸೆ ಒಡ್ಡಿದ, ಕುಡಿದ ಅಂತ? ಇಲ್ಲ. ನೆನಪಿನಲ್ಲಿ ಸಾಲುಸಾಲು ತಿರುವಿ ನೋಡಿದಳು, ಇಲ್ಲ. ಶಿಷ್ಯರು ಊಟ ತಂದರಂತೆ, ಅದನ್ನೂ ಬೇಡ ಅಂದನಂತೆ. ಅವತ್ತು ಬಾವಿಯ ಕಟ್ಟೆಯ ಮೇಲೆ ಕೂತೇ ಕೇಳಿದ್ದ, ಸಿಕ್ಕಿತೋ ಇಲ್ಲವೋ ಯಾರಿಗೂ ಗೊತ್ತಿಲ್ಲ, ಕೊನೆಗೆ ಶಿಲುಬೆಯ ಮೇಲೆ ಮೊಳೆ ಹೊಡೆಸಿಕೊಂಡು ಇನ್ನೊಂದು ಸಲ ಕೇಳಿದ, ಅವತ್ತೂ ನೀರು ಕೊಡಲಿಲ್ಲ, ಹುಳಿದ್ರಾಕ್ಷಾರಸದಲ್ಲಿ ಸ್ಪಂಜು ಅದ್ದಿ, ಕೋಲಿಗೆ ಸಿಕ್ಕಿಸಿ, ಸಿಪಾಯಿಗಳು ಬಾಯಿಗೆ ಹಿಡಿದರು. ಒದ್ದೆ ಸ್ಪಂಜು. ಹೀರಿದನಂತೆ. ಕೆನ್ನೆ ಒಳಕ್ಕೆ ಹೋಗಿ, ಗಂಟಲ ಮಣಿ ಏರಿ ಇಳಿದು — ಟವೆಲ್ಲಿನ ಮೂಲೆ. ಅಯ್ಯೋ. ಸ್ವಾಮಿ, ನಾನೇ ಅಲ್ಲವೇ ಆ ಕೋಲು ಹಿಡಿದವಳು, ದಿನಾ ಹಿಡಿಯುತ್ತಿರುವವಳು, ಪಾಪ ಅನ್ನಿಸಿಯೇ ಹಿಡಿದಿರಬೇಕು ಆ ಸಿಪಾಯಿಯೂ, ಅವನಿಗೂ ಯಾರೋ ಹೇಳಿರಬೇಕು, ಇಷ್ಟೇ ಕೊಡು, ಇದಕ್ಕಿಂತ ಜಾಸ್ತಿ ಕೊಡಬೇಡ ಅಂತ.

ಮೇಷ್ಟ್ರು ಮುಗಿಸಿಬಿಟ್ಟರು, ಈ ವರ್ಷವೇ ಬೇಗ ಮುಗಿಸಬೇಕಿತ್ತೇ ಇವರು, ಹಾಡು ಶುರುವಾಯಿತು, ಒಣಗಿದ ಗಂಟಲುಗಳ ಹಾಡು, ಹಾಡೂ ಮುಗಿಯಿತು. ಐದನೇ ಮಾತು, ಸುವಾರ್ತಮ್ಮಾರು ಬರ್ರಿ ಅಂತ ಅಯ್ಯನವರು, ಚಿಕ್ಕ ವಯಸ್ಸು, ಬೀದರ್ ಕಡೆಯವರು, ಒಳ್ಳೆಯ ಹುಡುಗ. ಎದ್ದಳು, ಮೊಣಕಾಲು ಚಟ್ ಅಂದಿತು, ಮೆಟ್ಟಿಲು ಹತ್ತಿ ಮೈಕಿನ ಮುಂದೆ ನಿಂತರೆ ಬಿಳಿ ಸೀರೆಗಳು, ಬಿಳಿ ಅಂಗಿಗಳು, ತುಟಿ ಒಣಗಿದ ಮುಖಗಳು, ಎಲ್ಲ ಇವಳನ್ನೇ ನೋಡುತ್ತಿವೆ. ಪ್ರಿಯರೇ ಅಂದಳು. ಇದು ದೇಹದ — ಅಂದಳು. ಅಲ್ಲಿಗೆ ನಿಂತಿತು. ಇದು ದೇಹದ. ಫ್ಯಾನಿನ ಕಿರಕಿರ ಸದ್ದು. ಎರಡನೇ ಬೆಂಚಿನಲ್ಲಿ ಮಹಿಳಾ ಸಂಘದ ಅನಸೂಯಮ್ಮ ತಲೆಯಾಡಿಸುತ್ತ, ಹೇಳು ಹೇಳು ಅಂತ ಕಣ್ಣಲ್ಲೇ, ಮರೆತಿದ್ದಾಳೆ ಅಂದುಕೊಂಡಿದ್ದಾಳೆ, ಮರೆತಿಲ್ಲಮ್ಮ, ಒಂದಕ್ಷರ ಮರೆತಿಲ್ಲ, ಬಾಯಿಗೆ ಬರುತ್ತಿಲ್ಲ ಅಷ್ಟೇ, ದೇಹದ ದಾಹ ಅಲ್ಲ ಅಂತ ಯಾವ ಬಾಯಿಂದ ಹೇಳಲಿ, ಮನೆಯಲ್ಲಿ ಒಂದು ದೇಹ ಟವೆಲ್ಲು ಹೀರುತ್ತಾ ಬಿದ್ದಿದೆ, ಆತ್ಮ ಬೇರೆ ಎಲ್ಲಿದೆ ಅವನಿಗೆ, ಅದೂ ಆ ಟವೆಲ್ಲಿನ ಮೂಲೆಯಲ್ಲೇ ಇದೆ. ನೀರು ಕೇಳಿದರು ಅಂದಳು ಮೈಕಿನಲ್ಲಿ, ಅವಳ ದನಿ ಅವಳಿಗೇ ಬೇರೆ ಯಾರದೋ ಅನ್ನಿಸಿತು. ನಮ್ಮ ಸ್ವಾಮಿ ನೀರೇ ಕೇಳಿದ್ದು. ಬಾಯಾರಿತ್ತು, ಕೇಳಿದರು. ಕೊಡಲಿಲ್ಲ. ಮೆಟ್ಟಿಲು ಇಳಿದಳು, ಬೆಂಚಿಗೆ ಹೋಗಬೇಕಾದ ಕಾಲು ಸ್ಟೂಲಿನ ಹತ್ತಿರ ಹೋಯಿತು, ಕೈ ಮುಂದೆ ಹೋಯಿತು, ಲೋಟ ತಣ್ಣಗಿತ್ತು, ಇಷ್ಟು ಸೆಕೆಯಲ್ಲೂ ತಣ್ಣಗಿತ್ತು. ಏಯ್ ಸುವಾರ್ತಾ, ಅದು ಮುಟ್ಬಾರ್ದು ಕಣೇ, ಅನಸೂಯಮ್ಮ. ಅಮ್ಮಾ, ಏನ್ ಮಾಡ್ಲತ್ತೀರಿ, ಅಯ್ಯನವರು. ಇದು ಕೇಳ್ದೋರಿಗೆ ಅಯ್ಯನೋರೇ, ಅಂದಳು, ಮರಕ್ಕೆ ಇನ್ನೊಂದು ತುಂಬ್ಕೊಳ್ಳಿ. ಹೇಳಿದಳೋ ಅಂದುಕೊಂಡಳೋ, ಯಾರೂ ಅಡ್ಡ ಬರಲಿಲ್ಲ, ಲೋಟದ ಬಾಯಿಗೆ ಅಂಗೈ ಮುಚ್ಚಿ, ಬಾಗಿಲಲ್ಲಿ ಚಪ್ಪಲಿ ಹುಡುಕುವುದಕ್ಕೂ ನಿಲ್ಲದೆ ಹೊರಗೆ ಬಂದಳು.

ಬಿಸಿಲು ಮುಖಕ್ಕೆ ಹೊಡೆಯಿತು, ಅಂಗಾಲು ಸುಡುತ್ತಿದೆ, ನೆರಳು ಹುಡುಕಿ ಹುಡುಕಿ ಕಾಲಿಡುತ್ತಾಳೆ, ಗೋಡೆಯ ನೆರಳು, ನಿಂತ ಟ್ರ್ಯಾಕ್ಟರಿನ ನೆರಳು, ನೀರು ತುಳುಕಿ ಬೆರಳ ಸಂದಿಯಲ್ಲಿ ಇಳಿಯಿತು, ಬೆರಳು ನೆಕ್ಕಬಹುದು, ನೆಕ್ಕಲಿಲ್ಲ, ಉಪವಾಸ. ಏನು ಮಾಡುತ್ತಿದ್ದೇನೆ ನಾನು, ಪೂರ್ತಿ ಕುಡಿದುಬಿಟ್ಟರೆ, ಕುಡಿದು ಇನ್ನೊಂದು ಕೇಳಿದರೆ, ಕೊಟ್ಟ ಕೈಯಲ್ಲಿ ಇಲ್ಲ ಅನ್ನುವುದು ಹೇಗೆ, ಸಂಕ್ರಾಂತಿಯ ಗೊರಗೊರ, ನೀಲಿ ಉಗುರು, ಇವತ್ತು ಶುಕ್ರವಾರದ ರಜ, ಡಾಕ್ಟರು ಸಿಗುತ್ತಾರೋ ಇಲ್ಲವೋ, ಚಂದನ ಏನಂದಾಳು, ನೀನೇ ಕೈಯಾರೆ ಕೊಂದೆ ಅಂದಾಳು — ಅನ್ನಲಿ. ಹೇಗೂ ನಾಳೆ ಬರಲ್ಲ ಅಂದಿದ್ದಾನೆ, ಬರದಿದ್ದರೆ ನಾಲ್ಕು ದಿನ, ಬೀಗ ಹಾಕಿಕೊಂಡು ಆ ನಾಲ್ಕು ದಿನ ಕಾಯಲೇ ನಾನು, ಮುಚ್ಚಳ ಹಿಡಿದುಕೊಂಡು. ಆಗುವುದಿಲ್ಲ. ನನ್ನ ಕೈಲಿ ಇನ್ನು ಆಗುವುದಿಲ್ಲ ಸ್ವಾಮಿ. ಸುಗ್ರಾ ಬಾಗಿಲಲ್ಲೇ ಇದ್ದಳು, ಮೊರದಲ್ಲಿ ಬೀಡಿ ಎಲೆ, ಎದ್ದಿದ್ದಾರೆ, ಒಂದ್ಸಲ ಕೇಳಿದ್ರು, ಅಲ್ಲಾ ಆಣೆ ಕೊಟ್ಟಿಲ್ಲ ನಾನು ಅಂದಳು, ಆಮೇಲೆ ಅಂಗೈ ಕೆಳಗಿನ ಲೋಟ ಕಂಡಿತು ಅವಳಿಗೆ, ಬರಿಗಾಲು ಕಂಡಿತು. ಕೊಡ್ತೀಯಾ? ಹೂಂ. ಸುಗ್ರಾ ಸೆರಗು ತಲೆಗೆ ಎಳೆದುಕೊಂಡು ಒಳಗೆ ಹೋದಳು.

ಅವನು ಮಂಚದ ಮೇಲೆ ಗೋಡೆಗೆ ಒರಗಿದ್ದ. ಟವೆಲ್ಲಿನ ಮೂಲೆ ಬಾಯಲ್ಲಿ. ಹೆಜ್ಜೆಯ ಸದ್ದಿಗೆ ಹೊದಿಕೆಯೊಳಗೆ ಮುಚ್ಚಿಡಲು ಹೋದ, ಅವಳು ಬಿಡಲಿಲ್ಲ, ಒಂದು ಕೈಯಲ್ಲಿ ಅದನ್ನು ಎಳೆದು ತೆಗೆದು ಕೆಳಗೆ ಹಾಕಿದಳು, ಇನ್ನೊಂದು ಕೈಯ ಲೋಟವನ್ನು ಅವನ ಎರಡು ಕೈಗಳ ನಡುವೆ ಇಟ್ಟಳು, ಅವನ ಬೆರಳು ಸುತ್ತಿಕೊಳ್ಳುವ ತನಕ ಹಿಡಿದಿದ್ದು ಬಿಟ್ಟಳು. ಅವನು ಲೋಟ ನೋಡಿದ, ಅವಳ ಮುಖ ನೋಡಿದ, ಆರಾಧನೆ ಮುಗೀತಾ. ಇಲ್ಲ. ಇದು ಮರದ್ದಲ್ವೇನೇ. ಹೂಂ. ಅಯ್ಯನೋರು ಬೈಯಲ್ವಾ. ಬೈಲಿ ಬಿಡು. ಮುಚ್ಚಳ ಎಲ್ಲಿ ಅಂದ, ಸುತ್ತ ಹುಡುಕುವವನ ಹಾಗೆ. ಮುಚ್ಚಳ ಇಲ್ಲ, ಕುಡಿ. ಕುಡಿಯಲಿಲ್ಲ ತಕ್ಷಣ, ಮೂಗಿನ ಹತ್ತಿರ ಹಿಡಿದ, ವಾಸನೆ ನೋಡಿದ, ನೀರಿಗೆ ವಾಸನೆಯಿರುತ್ತದೆ ಅಂತ ಹಿಂದೆ ಅವನೇ ಹೇಳುತ್ತಿದ್ದ, ಅಗ್ರಹಾರದ ಬೋರಿನದು ಒಂದು, ಹಳೇ ಟ್ಯಾಂಕಿನದು ಒಂದು. ಒಂದು ಗುಟುಕು. ಬಾಯೊಳಗೇ ಇಟ್ಟುಕೊಂಡ, ಕಣ್ಣು ಮುಚ್ಚಿದ, ಕೆನ್ನೆ ಈಗ ಒಳಕ್ಕೆ ಹೋಗಲಿಲ್ಲ, ಉಬ್ಬಿತು, ಇಳಿಯಿತು. ಎರಡನೆಯ ಗುಟುಕು. ಅವಳ ಕೈ ತಾನಾಗಿ ಮುಂದೆ ಹೋಗಿತ್ತು, ಸಾಕು ಅಂತ ಕಿತ್ತುಕೊಳ್ಳುವುದಕ್ಕೆ, ಹಿಂದಕ್ಕೆ ಎಳೆದುಕೊಂಡು ಸೆರಗಿನಲ್ಲಿ ಸುತ್ತಿದಳು, ಬೀಗದ ಕೈ ಬೆರಳಿಗೆ ಚುಚ್ಚಿತು. ಮೂರನೆಯದಕ್ಕೆ ಕಾದಳು. ನಾಲ್ಕನೆಯದಕ್ಕೆ, ಲೋಟ ಬರಿದಾಗುವುದಕ್ಕೆ, ಮೇಲೆ ಎತ್ತಿ ಕೊನೆಯ ಹನಿ ಬಾಯಿಗೆ ಬಿಟ್ಟುಕೊಳ್ಳುವುದಕ್ಕೆ. ಅವನು ಲೋಟ ಇಳಿಸಿದ. ಒಳಗೆ ನೋಡಿದ, ಇನ್ನೂ ಎಷ್ಟಿದೆ ಅಂತ, ಮುಖದಲ್ಲಿ ಅವಳು ಮದುವೆಯಾದ ಹೊಸದರಲ್ಲಿ ನೋಡಿದ್ದ ಅದೇನೋ ಒಂದು ದೊಡ್ಡಸ್ತಿಕೆ, ಊರಿಗೆ ನೀರು ಬಿಟ್ಟು ಬಂದವನದು. ಅಲ್ಲಿಡು ಅಂದ, ಕುರ್ಚಿಯ ಕಡೆ ಗದ್ದ ತೋರಿಸಿ. ಆಮೇಲೆ ಕುಡೀತೀನಿ.

ಆಮೇಲೆ. ಆಮೇಲೆ ಅಂದ. ಅಷ್ಟು ತಿಂಗಳಿಂದ ಈಗ, ಈಗ, ಈಗಲೇ ಅಂದವನು. ಅವಳು ಲೋಟ ತೆಗೆದು ಕುರ್ಚಿಯ ಮೇಲಿಟ್ಟು ನೆಲಕ್ಕೇ ಕೂತಳು, ಮಂಚದ 
ಕಾಲಿಗೆ ಒರಗಿ, ಕಣ್ಣಿಂದ ನೀರು ಸುಮ್ಮನೆ ಸುರಿಯಿತು, ಅಳು ಅಂತಲೂ ಅಲ್ಲ. ನಾಳೆ ಬಸ್ಸಿಗೋ ಆಟೋಗೋ ಅಂತ ಮೇಲಿಂದ ಅವನ ದನಿ. ಬಸ್ಸಿಗೆ ಅಂದಳು. ಹಂಗಾದ್ರೆ ಕಿಟಕಿ ಪಕ್ಕ ಹಿಡಿ, ಸೆಕೆ. ಹೂಂ ಅಂದಳು. ಸೆರಗಿನಲ್ಲಿ ಮುಖ ಒರೆಸಿಕೊಳ್ಳಲು ಹೋದಾಗ ಗಂಟಿನ ಬೀಗದ ಕೈ ಕುರ್ಚಿಯ ಮೇಲಿನ ಲೋಟಕ್ಕೆ ತಗುಲಿ ಟಣ್ ಅಂತು, ಇಬ್ಬರೂ ಆ ಕಡೆ ನೋಡಿದರು. ಎಷ್ಟು ಹೊತ್ತು ಹಾಗೇ ಕೂತಿದ್ದಳೋ, ಚರ್ಚಿನ ಗಂಟೆ ಹೊಡೆಯಿತು, ಮೂರು, ಉಪವಾಸ ಬಿಡಬಹುದು, ಎದ್ದು ಡ್ರಮ್ಮಿನ ಬೀಗ ತೆಗೆದು ಕುಡಿಯಬಹುದು, ಗಂಟಲು ಉರಿಯುತ್ತಿದೆ, ಏಳಬೇಕು, ಏಳುತ್ತೇನೆ, ಲಾರಿ ಹೋಯಿತು, ಕುರ್ಚಿಯ ಮೇಲೆ ನೀರು ನಡುಗಿ ನಿಂತಿತು, ಅವನು ಅದನ್ನೇ ನೋಡುತ್ತಾ ನೋಡುತ್ತಾ ಕಣ್ಣು ಮುಚ್ಚಿದ, ಉಸಿರು ಹಗುರವಾಗಿದೆ, ಗೊರಗೊರ ಇಲ್ಲ, ಕಿವಿಗೊಟ್ಟು ಕೇಳಿದಳು, ಇಲ್ಲ, ಏಳಬೇಕು, ಕಣ್ಣು ಮಾತ್ರ ನೆಲದ ಮೇಲೆ, ಅವಳೇ ಕಿತ್ತು ಹಾಕಿದ ಟವೆಲ್ಲು ಕಾಲಿನ ಹತ್ತಿರ ಬಿದ್ದಿದೆ, ಚೌಕಳಿಯ ತುದಿಯಲ್ಲಿ ಸುಕ್ಕು, ಸುಕ್ಕಿನಲ್ಲಿ ಹಲ್ಲಿನ ಗುರುತು, ಬೇರೆಲ್ಲ ಒಣಗಿದೆ, ಅದೊಂದು ಒಣಗಿಲ್ಲ, ಟವೆಲ್ಲಿನ ಮೂಲೆ, ಒದ್ದೆ, ಇನ್ನೂ ಒದ್ದೆ, ಆ ಮೂಲೆ.